ದೊಡ್ಡಜೊಂಡಿನ ಕೊನೆಯ ಬಾಟಲಿ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಣ್ಣು ತೋಡುವ ಯಂತ್ರ ಶುರುವಾಗಬೇಕಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಮೂರು ಜನ ಎರಡು ಲಾರಿ ಟ್ಯೂಬು ಕಟ್ಟಿದ ತೆಪ್ಪದ ಮೇಲೆ ಕೂತು ಜೌಗಿನೊಳಗೆ ಹೊರಟರು. ಅವರ ಕೈಯಲ್ಲಿ ಇದ್ದದ್ದು ಒಂದೇ ಹಗಲು.

1999ರ ಸೆಪ್ಟೆಂಬರ್ ತಿಂಗಳು. ಭದ್ರಾವತಿಯಿಂದ ಹದಿನೈದು ಕಿಲೋಮೀಟರ್ ದೂರದ ಹಾಲಗುಂದಿಯಲ್ಲಿ, ನಾಲೆ ನೀರಿನ ಭತ್ತದ ಗದ್ದೆಗಳಿಗೂ ಊರಿನ ಕುಡಿಯುವ ನೀರಿನ ಕೆರೆಗೂ ನಡುವೆ, ಅರವತ್ತು ಎಕರೆ ಜೌಗು ನೆಲವಿತ್ತು. ಆಳೆತ್ತರದ ಜೊಂಡುಹುಲ್ಲು ಬೆಳೆದ ಆ ಜಾಗವನ್ನು ಜನ ದೊಡ್ಡಜೊಂಡು ಎನ್ನುತ್ತಿದ್ದರು. ಅದರ ನಡುವೆ ನೇರ ಕಾಲುವೆ ತೋಡಿ, ನೀರು ಬಸಿದು, ಗದ್ದೆ ಮಾಡಬೇಕೆಂದು ಊರಿನ ರೈತರ ಸಂಘ ತೀರ್ಮಾನಿಸಿತ್ತು. ಹಳದಿ ಬಣ್ಣದ ಯಂತ್ರ ಆಗಲೇ ಕೆಳಗಿನ ಕೆರೆ ಏರಿಯ ಮೇಲೆ ಬಂದು ನಿಂತಿತ್ತು.

ಶುಕ್ರವಾರದ ಸಭೆಯಲ್ಲಿ ಎದ್ದು ನಿಂತು ಬೇಡ ಎಂದವಳು ದಾಕ್ಷಾಯಣಿ. ಶಿವಮೊಗ್ಗದ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ, ವಯಸ್ಸು ಮೂವತ್ನಾಲ್ಕು. ತಾಳ್ಮೆ ಎನ್ನುವುದು ಅವಳ ಜಾತಕದಲ್ಲೇ ಇರಲಿಲ್ಲ. "ನೀವು ಹಾಕೋ ಯೂರಿಯಾ ಎಲ್ಲಾ ಪೈರಿಗೆ ಹೋಗಲ್ಲ. ಬಸಿನೀರಿನ ಜೊತೆ ಹರಿದು ಬರುತ್ತೆ. ದೊಡ್ಡಜೊಂಡು ಅದನ್ನ ತಿಂದು ನೀರು ಬಿಡುತ್ತೆ. ನೇರ ಕಾಲುವೆ ತೋಡಿದ್ರೆ ಅಷ್ಟೂ ಕುಡಿಯೋ ಕೆರೆಗೆ ಇಳಿಯುತ್ತೆ" ಎಂದಳು.

ಸಂಘದ ಅಧ್ಯಕ್ಷ ಮುರುಗೇಶಪ್ಪ ಅರವತ್ತು ದಾಟಿದ ಗಟ್ಟಿ ಮನುಷ್ಯ. ನಗಲಿಲ್ಲ, ಬೈಯಲೂ ಇಲ್ಲ.

"ಹುಲ್ಲು ಗೊಬ್ಬರ ತಿನ್ನುತ್ತೆ ಅಂತೀರಿ. ತೋರ್ಸಿ ಮೇಡಂ. ಒಳಗೆ ಹೋಗೋ ನೀರು, ಹೊರಗೆ ಬರೋ ನೀರು, ಎರಡೂ ನನ್ನ ಕಣ್ಣೆದುರಿಗೇ ಹಿಡೀಬೇಕು. ಭಾನುವಾರ ನಾನೇ ಬರ್ತೀನಿ. ನಿಮ್ಮ ಮಾತು ನಿಜ ಆದ್ರೆ ಮಿಷನ್ನು ವಾಪಸ್ಸು. ಸುಳ್ಳಾದ್ರೆ ಸೋಮವಾರ ಇಳಿಯುತ್ತೆ."

ಮೂರನೆಯವಳು ಮಾಸ್ತಮ್ಮ. ನಲವತ್ತು ವರ್ಷದಿಂದ ಇದೇ ಜೌಗಿನಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವ ಹೆಂಗಸು. ಟ್ಯೂಬು ಅವಳದ್ದು, ಬಿದಿರಿನ ಗಳ ಅವಳದ್ದು, ದಾರಿಯೂ ಅವಳಿಗೆ ಮಾತ್ರ ಗೊತ್ತು. ಜೌಗು ಹೋದರೆ ಅವಳ ಅನ್ನವೂ ಹೋದಂತೆ.

ಗದ್ದೆ ಬದುಗಳ ಮಡೆಗಳಿಂದ ಬಸಿನೀರು ಇಳಿದು ಜೌಗಿಗೆ ಸೇರುವ ಕಡೆ ದಾಕ್ಷಾಯಣಿ ಮೊದಲ ಬಾಟಲಿ ತುಂಬಿದಳು. ಒಂದಿಷ್ಟು ನೀರನ್ನು ಗಾಜಿನ ಕೊಳವೆಗೆ ಹಾಕಿ, ಒಂದು ಪೊಟ್ಟಣ ಪುಡಿ ಸುರಿದು ಅಲ್ಲಾಡಿಸಿದಳು. ಹತ್ತು ನಿಮಿಷದಲ್ಲಿ ನೀರು ಬೀಟ್‌ರೂಟ್ ಬೇಯಿಸಿದ ನೀರಿನಂತೆ ಕೆಂಪಗಾಯಿತು.

"ಗೊಬ್ಬರದ ಉಪ್ಪು ಎಷ್ಟು ಜಾಸ್ತಿಯೋ ಬಣ್ಣ ಅಷ್ಟು ಗಾಢ" ಎಂದು ಬಣ್ಣದ ಕಾರ್ಡನ್ನು ಪಕ್ಕಕ್ಕೆ ಹಿಡಿದಳು. "ನಲವತ್ತು."

ಮುರುಗೇಶಪ್ಪ ಕಾರ್ಡು, ಕೊಳವೆ, ಅವಳ ಮುಖ ಮೂರನ್ನೂ ನೋಡಿ ತನ್ನ ಕಿರುಪುಸ್ತಕದಲ್ಲಿ ಬರೆದುಕೊಂಡರು. ಪೊಟ್ಟಣಗಳು ಇದ್ದದ್ದೇ ನಾಲ್ಕು. ಮೂರು ಉಳಿದವು.

ಆಮೇಲೆ ಅವಳು ಚೀಲದಿಂದ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಇಪ್ಪತ್ತು ನಿಂಬೆಹಣ್ಣು ತೆಗೆದಳು. ಒಂದೊಂದಕ್ಕೂ ಕೆಂಪು ಬಣ್ಣದ ಪಟ್ಟೆ ಎಳೆದಿತ್ತು.

"ಇದೇನು ಮೇಡಂ, ಮಾಟ ಮಾಡ್ಸೋಕೆ ಹೊರಟಂಗಿದೆ!"

"ಈಗ ಇಲ್ಲಿ ಒಳಗೆ ಹೋದ ನೀರು ಆ ಕಡೆ ಯಾವಾಗ ಬರುತ್ತೆ ಅಂತ ತಿಳೀಬೇಕಲ್ಲ ಸಾರ್. ನಿಂಬೆಹಣ್ಣು ಅದರ ಜೊತೆಗೇ ತೇಲಿಕೊಂಡು ಹೋಗುತ್ತೆ. ನಾವು ಅದರ ಹಿಂದೆ ಹೋಗೋದು."

ಹಣ್ಣುಗಳು ತಿರುಗುತ್ತಾ ಜೊಂಡಿನೊಳಗೆ ನುಗ್ಗಿದವು. ಮಾಸ್ತಮ್ಮ ಗಳ ಊರಿದಳು.

ಒಳಗೆ ಹೋದಂತೆ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಎರಡೂ ಕಡೆ ಜೊಂಡು ಗೋಡೆಯಂತೆ ಎದ್ದಿತ್ತು, ಮೇಲೆ ಕಾಣುತ್ತಿದ್ದದ್ದು ಒಂದು ಪಟ್ಟಿ ಆಕಾಶ ಮಾತ್ರ. ನೀರು ಎಲ್ಲಿಯೂ ಹರಿಯುತ್ತಿರಲಿಲ್ಲ, ಬುಡದಿಂದ ಬುಡಕ್ಕೆ ಜಿನುಗುತ್ತಿತ್ತು. ಒಂದೆಡೆ ನೂರಾಗಿ ಒಡೆಯುವುದು, ಮತ್ತೊಂದೆಡೆ ಕೂಡಿಕೊಳ್ಳುವುದು. ಗಳ ಊರಿದಲ್ಲೆಲ್ಲ ಕಪ್ಪು ಕೆಸರಿನಿಂದ ಗುಳ್ಳೆಗಳು ಬುಳುಬುಳು ಎದ್ದು ಕೊಳೆತ ಎಲೆಯ ವಾಸನೆ ಬರುತ್ತಿತ್ತು. ನೇರಳೆ ಬಣ್ಣದ ನೀರುಕೋಳಿಗಳು ಕೆಂಪು ಕಾಲು ಎತ್ತಿಡುತ್ತಾ ಮರೆಯಾಗುತ್ತಿದ್ದವು. ಬಿಸಿಲೇರಿದಂತೆ ಸೆಕೆ, ಸೊಳ್ಳೆ, ಕೈಗೆ ಕೊಯ್ಯುವ ಎಲೆ. ಚೆಂದದ ಜಾಗ ಎಂದು ಯಾರಾದರೂ ಅಂದರೆ ಅವರನ್ನು ಒಂದು ಗಂಟೆ ಇಲ್ಲಿ ಕೂರಿಸಬೇಕು.

ದಾಕ್ಷಾಯಣಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಐದು ನಿಮಿಷಕ್ಕೊಮ್ಮೆ ಗಡಿಯಾರ, ಹತ್ತು ನಿಮಿಷಕ್ಕೊಮ್ಮೆ ನಿಂಬೆಹಣ್ಣಿನ ಲೆಕ್ಕ. "ಇಷ್ಟು ನಿಧಾನ ಹೋದ್ರೆ ಹೇಗೆ ಮಾಸ್ತಮ್ಮ?"

"ನೀರೇ ತೆವಳ್ತಾ ಇರುವಾಗ ನಾನೆಲ್ಲಿ ಓಡ್ಲಿ ತಾಯಿ?"

"ನಿಧಾನ ಆದ್ರೇನೇ ಅಲ್ವಾ ನಿಮಗೆ ಬೇಕಾಗಿದ್ದು?" ಎಂದು ಮುರುಗೇಶಪ್ಪ ಕೆಣಕಿದರು.

ಅದು ನಿಜವೇ. ಅವಳು ನಾಚಿಕೊಂಡು ವಿವರಿಸಿದಳು. "ಜೊಂಡಿನ ಬೇರು ಗೊಬ್ಬರ ಒಂದಷ್ಟು ಹೀರುತ್ತೆ. ಕೆಸರಿನಲ್ಲಿರೋ ಸೂಕ್ಷ್ಮಜೀವಿಗಳು ಇನ್ನೊಂದಷ್ಟನ್ನ ಗಾಳಿ ಮಾಡಿ ಬಿಟ್ಟುಬಿಡ್ತವೆ. ಅದಕ್ಕೆಲ್ಲ ಹೊತ್ತು ಬೇಕು ಸಾರ್. ನೇರ ಕಾಲುವೆಯಲ್ಲಿ ನೀರು ಅರ್ಧ ಗಂಟೆಗೆ ದಾಟಿಬಿಡುತ್ತೆ."

ಮುರುಗೇಶಪ್ಪ ಬಗ್ಗಿ ಗುಳ್ಳೆಗಳನ್ನು ನೋಡಿದರು. ನಡು ಜೌಗಿನಲ್ಲಿ ಎರಡನೆಯ ಪೊಟ್ಟಣ ಖರ್ಚಾಯಿತು. ಬಣ್ಣ ಇಪ್ಪತ್ತಕ್ಕೆ ಇಳಿದಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಅವರು ಹೊರಬಾಯಿ ತಲುಪಿದರು. ಜೌಗಿನ ನೀರೆಲ್ಲ ಕಿರಿದಾಗಿ ಕೆರೆಯ ಕಡೆ ಇಳಿಯುವ ಜಾಗ ಅದು. ಅಲ್ಲಿಂದ ಮುಂದೆ ಊರಿನ ಚರಂಡಿ ಸೇರುತ್ತಿದ್ದುದರಿಂದ ನೀರನ್ನು ಅಲ್ಲೇ ಹಿಡಿಯಬೇಕಿತ್ತು. ಮೊದಲ ನಿಂಬೆಹಣ್ಣುಗಳು ಬಂದ ಕೂಡಲೇ ದಾಕ್ಷಾಯಣಿ ಬಾಟಲಿ ಮುಳುಗಿಸಿ ತುಂಬಿದಳು.

"ಸಾಕ್ಷಿ ನಾನು. ಬಾಟಲಿ ನನ್ನ ಹತ್ರ ಇರ್ಲಿ" ಎಂದು ಮುರುಗೇಶಪ್ಪ ಅದನ್ನು ಜುಬ್ಬಾದ ಜೇಬಿಗೆ ಇಳಿಸಿಕೊಂಡರು. ಏರಿ ಮುನ್ನೂರು ಹೆಜ್ಜೆ ದೂರ. ಜನ ಸೇರಿದ್ದು ಕಾಣುತ್ತಿತ್ತು.

ಅರ್ಧ ದಾರಿಗೆ ತೆಪ್ಪ ಬೇರುಗಳಿಗೆ ಸಿಕ್ಕಿಕೊಂಡಿತು. ಪಕ್ಕದಲ್ಲಿ ಹಸಿರು ನೆಲ ಗಟ್ಟಿಯಾಗಿ ಕಂಡಿತು. ಮುರುಗೇಶಪ್ಪ ಕಾಲು ಇಳಿಸಿಯೇ ಬಿಟ್ಟರು.

"ಇಳೀಬ್ಯಾಡಿ ಗೌಡ್ರೇ!" ಮಾಸ್ತಮ್ಮ ಕೂಗಿದಳು.

ಹುಲ್ಲಿನ ಚಾಪೆ ಹರಿಯಿತು. ಸೊಂಟದವರೆಗೆ ಹೋದರು. ಕಾಲು ಒದ್ದರು. ಎದೆಯವರೆಗೆ ಹೋದರು.

"ಒದೀಬ್ಯಾಡಿ! ಮಕಾಡೆ ಮಲಗಿ! ಈಜೋ ಹಂಗೆ ಮಲಗಿ!"

ಮಾಸ್ತಮ್ಮ ಗಳವನ್ನು ಅಡ್ಡ ಚಾಚಿದಳು. ದಾಕ್ಷಾಯಣಿ ಅವಳ ಸೊಂಟದ ಕುಡುಗೋಲು ಕಿತ್ತುಕೊಂಡು ಕೈಗೆ ಸಿಕ್ಕಷ್ಟು ಜೊಂಡು ಕೊಯ್ದು ಅವರ ಮುಂದೆ ಹಾಸಿದಳು. ಅಂಗೈ ಕೊಯ್ದು ರಕ್ತ ಬಂತು. ಮುರುಗೇಶಪ್ಪ ಗಳ ಹಿಡಿದರು, ಎದೆಯನ್ನು ಜೊಂಡಿನ ಮೇಲೆ ಹೊರಳಿಸಿದರು. ಇಬ್ಬರು ಹೆಂಗಸರೂ ಉಸಿರು ಕಟ್ಟಿ ಎಳೆದರು. ಕೆಸರು ಅವರ ಪಂಚೆಯನ್ನು ಇಟ್ಟುಕೊಂಡು ಮನುಷ್ಯನನ್ನು ಬಿಟ್ಟಿತು.

ಚಡ್ಡಿಯಲ್ಲಿ ತೆಪ್ಪದ ಮೇಲೆ, ದಾಕ್ಷಾಯಣಿಯ ಪೆಟ್ಟಿಗೆಯ ಪಕ್ಕ ಕೂತ ಅಧ್ಯಕ್ಷರು ಜೇಬಿನ ಬಾಟಲಿ ತಡವಿಕೊಂಡರು. ಹೆಂಗಸರಿಬ್ಬರೂ ಅತ್ತ ತಿರುಗಿ ಬೇರು ಕಡಿದು ತೆಪ್ಪ ಬಿಡಿಸುತ್ತಿದ್ದರು.

ಏರಿಯ ಮೇಲೆ ನೂರು ಜನರ ಎದುರು ದಾಕ್ಷಾಯಣಿ ಮೂರನೆಯ ಪೊಟ್ಟಣ ಸುರಿದಳು. ಹತ್ತು ನಿಮಿಷವಾಯಿತು. ನೀರು ಬಣ್ಣವೇ ಏರದೆ ಹೆಚ್ಚುಕಡಿಮೆ ತಿಳಿಯಾಗಿಯೇ ನಿಂತಿತು. ಕಾರ್ಡಿನಲ್ಲಿ ಬರೀ ಎರಡು.

ಕೆರೆ ನೀರು ಹೊರುವ ಹೆಂಗಸರು ಹೋ ಎಂದರು. ಮಾಸ್ತಮ್ಮ ಅಲ್ಲೇ ಕುಕ್ಕರಿಸಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರದೋ ಟವೆಲ್ ಸುತ್ತಿಕೊಂಡಿದ್ದ ಮುರುಗೇಶಪ್ಪ ಮೆಲ್ಲನೆ "ಗೆದ್ರಿ ಮೇಡಂ" ಎಂದರು.

ದಾಕ್ಷಾಯಣಿಗೆ ಖುಷಿಯಾಗಲಿಲ್ಲ. ನಡು ಜೌಗಿನಲ್ಲಿ ಇಪ್ಪತ್ತು ಇದ್ದದ್ದು ಉಳಿದ ಅರ್ಧ ದಾರಿಯಲ್ಲಿ ಎರಡಕ್ಕೆ ಇಳಿಯುವುದೆಂದರೆ ಏನು? ಅಷ್ಟು ಚೊಕ್ಕಟ ನೀರು ಜೌಗಿನಲ್ಲಿ ಇರುವುದೇ ಇಲ್ಲ. ಅವಳು ಪೆಟ್ಟಿಗೆ ತೆರೆದಳು. ಕೊಳವೆ ತೊಳೆಯಲೆಂದು ತಂದಿದ್ದ, 'ಶುದ್ಧ ನೀರು' ಎಂದು ಚೀಟಿ ಅಂಟಿಸಿದ್ದ ಡಿಸ್ಟಿಲ್ಡ್ ವಾಟರಿನ ಸೀಸೆ ಬರಿದಾಗಿತ್ತು.

"ಇದನ್ನ ಯಾರು ಖಾಲಿ ಮಾಡಿದ್ದು?"

ಮುರುಗೇಶಪ್ಪ ಟವೆಲ್ ಬಿಗಿದುಕೊಂಡು ಮುಂದೆ ಬಂದರು.

"ನಾನು. ಕೆಸರಲ್ಲಿ ಬಿದ್ದಾಗ ಮುಚ್ಚಳ ಸಡಿಲಾಗಿತ್ತು. ಕಾಲು ಭಾಗ ಉಳಿದಿತ್ತು ಅಷ್ಟೇ. ನನ್ನ ಕೈಗೆ ಕೊಟ್ಟ ಬಾಟಲಿ ಅರ್ಧಂಬರ್ಧ ವಾಪಸ್ಸು ಕೊಡೋದು ಹೇಗೆ ಅಂತ, ನೀವಿಬ್ಬರೂ ಅತ್ತ ತಿರುಗಿದ್ದಾಗ ಈ ಸೀಸೆಯಿಂದ ತುಂಬಿಸಿದೆ. ಶುದ್ಧ ನೀರು ಅಂತಾನೇ ಬರೆದಿತ್ತಲ್ಲ ಮೇಡಂ, ಕೊಳಕು ನೀರೇನೂ ಹಾಕ್ಲಿಲ್ಲವಲ್ಲ?"

"ಹಾಲಿಗೆ ಶುದ್ಧ ನೀರು ಬೆರೆಸಿದ್ರೆ ಏನಾಗುತ್ತೆ ಸಾರ್?"

ಮುರುಗೇಶಪ್ಪನ ಮುಖ ಬಿಳುಚಿತು. ಅವರಿಗೆ ಈಗ ಅರ್ಥವಾಯಿತು. ತನ್ನ ಸೋಲಿಗೆ ತಾನೇ ನೀರು ಸುರಿದಂತಾಗಿದ್ದು ಅವರಿಗೂ ವಿಚಿತ್ರವಾಗಿ ಕಂಡಿತು.

ಮಾಸ್ತಮ್ಮ ದಾಕ್ಷಾಯಣಿಯ ತೋಳು ಜಗ್ಗಿದಳು. "ಸುಮ್ನಿರು ಮಾರಾಯ್ತಿ. ಗೌಡ್ರೇ ಒಪ್ಕೊಂಡಾಯ್ತಲ್ಲ. ಕೆದಕಿ ಕೆಡಿಸ್ಕೋಬ್ಯಾಡ."

ದಾಕ್ಷಾಯಣಿ ಯಂತ್ರದ ಕಡೆ ನೋಡಿದಳು. ಒಂದೇ ಮಾತು ನುಂಗಿಕೊಂಡರೆ ಅದು ನಾಳೆ ಹೊರಟುಹೋಗುತ್ತದೆ. ನುಂಗಿಕೊಳ್ಳಬೇಕೆಂದು ಅವಳಿಗೆ ನಿಜವಾಗಿಯೂ ಆಸೆಯಾಯಿತು. ಆದರೂ ಕೊಳವೆಯನ್ನು ಬಗ್ಗಿಸಿ ಎಲ್ಲರೆದುರು ನೆಲಕ್ಕೆ ಚೆಲ್ಲಿದಳು.

"ಇದು ಲೆಕ್ಕಕ್ಕಿಲ್ಲ. ಇನ್ನೊಂದು ಪೊಟ್ಟಣ ಇದೆ. ಹಿಂದೆ ಉಳಿದ ನಿಂಬೆಹಣ್ಣು ಇನ್ನೂ ಬರ್ತಾ ಇರ್ತವೆ. ವಾಪಸ್ಸು ಹೋಗೋಣ."

ಪಶ್ಚಿಮದಲ್ಲಿ ಆಕಾಶ ಕಪ್ಪಾಗಿತ್ತು. ಮಳೆ ಬಿದ್ದರೆ ನೀರೆಲ್ಲ ಕಲಸಿಹೋಗಿ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ.

"ಚೆಲ್ಲಿದೋನು ನಾನು. ತರೋದೂ ನಾನೇ" ಎಂದು ಮುರುಗೇಶಪ್ಪ ಎಲ್ಲರಿಗಿಂತ ಮೊದಲು ತೆಪ್ಪ ಹತ್ತಿದರು.

ಈ ಸಲ ಮಾಸ್ತಮ್ಮ ತೆವಳಲಿಲ್ಲ, ನುಗ್ಗಿದಳು. ಗಳ ಏಳುತ್ತಿತ್ತು, ಬೀಳುತ್ತಿತ್ತು. ಗಾಳಿ ಜೊಂಡನ್ನು ಒಂದೇ ಕಡೆಗೆ ಬಗ್ಗಿಸಿತು. ಗುಡುಗು ಹತ್ತಿರ ಬಂತು. ಹೊರಬಾಯಿಗೆ ಇನ್ನೇನು ಬಂದರು ಎನ್ನುವಾಗ ಕೊಯ್ದ ಜೊಂಡಿನ ಕೂಳೆ ಚುಚ್ಚಿ ಒಂದು ಟ್ಯೂಬು ಬುಸ್ಸೆಂದಿತು.

"ಬಲಗಡೆಗೆ ವಾಲಿ! ಬಲಗಡೆಗೆ!" ಮಾಸ್ತಮ್ಮ ಕೂಗಿದಳು.

ಮೂವರೂ ಉಳಿದ ಟ್ಯೂಬಿನ ಮೇಲೆ ಒರಗಿದರು. ದಾಕ್ಷಾಯಣಿ ನೀರಿನ ಮೇಲೆ ಕಣ್ಣಿಟ್ಟಳು. ಬರೀ ಹಸಿರು. ಎಲೆ, ಪಾಚಿ, ಕಸ. ಒಂದು ನಿಮಿಷ. ಎರಡು ನಿಮಿಷ.

"ಅಲ್ಲಿ!" ಮುರುಗೇಶಪ್ಪ ಕೈ ತೋರಿಸಿದರು.

ಕೆಂಪು ಪಟ್ಟೆಯ ಎರಡು ಹಣ್ಣು ಒಂದರ ಹಿಂದೊಂದು ಜೊಂಡಿನ ಬುಡದಿಂದ ಹೊರಬಂದವು. ಅವರೇ ಬಗ್ಗಿ ಬಾಟಲಿ ಮುಳುಗಿಸಿದರು, ಮುಚ್ಚಳ ಬಿಗಿದರು, ಮತ್ತೊಮ್ಮೆ ಬಿಗಿದರು.

ವಾಪಸ್ಸು ಬರುವಾಗ ಮಾಸ್ತಮ್ಮ ಗಳದಿಂದ ಗಟ್ಟಿ ನೆಲ ತಡವುತ್ತಾ ಮುಂದೆ ನಡೆದಳು. ಉಳಿದಿಬ್ಬರು ಒಂದೇ ಟ್ಯೂಬನ್ನು ತಬ್ಬಿಕೊಂಡು ಎದೆಮಟ್ಟದ ಕೆಸರಲ್ಲಿ ಈಜಿದರು, ತೆವಳಿದರು, ಕೆಮ್ಮಿದರು. ಜಿಗಣೆಗಳನ್ನು ಕೀಳಲು ಪುರಸೊತ್ತಿರಲಿಲ್ಲ. ಮುರುಗೇಶಪ್ಪನ ಬಲಗೈ ಮಾತ್ರ ಬಾಟಲಿ ಸಮೇತ ತಲೆಯ ಮೇಲೆ ನೆಟ್ಟಗೆ ನಿಂತಿತ್ತು. ಏರಿಗೆ ಕಾಲಿಟ್ಟಾಗ ಮೊದಲ ದಪ್ಪ ಹನಿಗಳು ಬಿದ್ದವು.

ಯಂತ್ರದ ಚಾಲಕನ ಕ್ಯಾಬಿನ್ನಿನಲ್ಲಿ, ಮಳೆಗೆ ಬಾಗಿಲು ಹಾಕಿಕೊಂಡು, ಕೊನೆಯ ಪೊಟ್ಟಣ ಒಡೆದರು. ಗಾಜಿಗೆ ಮೂಗು ಒತ್ತಿ ಜನ ಹೊರಗೆ ನಿಂತರು. ಕೊಳವೆಯ ನೀರು ನಿಧಾನವಾಗಿ ಬಣ್ಣ ತಿರುಗಿ ಸೀಬೆಹಣ್ಣಿನ ತಿರುಳಿನಷ್ಟು ಗುಲಾಬಿಯಾಯಿತು.

"ಹತ್ತು" ಎಂದಳು ದಾಕ್ಷಾಯಣಿ. ಅವಳ ದನಿ ಸಣ್ಣದಾಗಿತ್ತು. "ಪೂರ್ತಿ ತಿನ್ನಲ್ಲ ಸಾರ್. ನಲವತ್ತರಲ್ಲಿ ಮೂವತ್ತು ತಿನ್ನುತ್ತೆ. ಅದಕ್ಕೂ ಹೊಟ್ಟೆ ಅಂತ ಇರುತ್ತಲ್ಲ."

ಮುರುಗೇಶಪ್ಪ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಆಗ ಎರಡು ಬಂತಲ್ಲ, ಬಾಯಲ್ಲಿ ಗೆದ್ರಿ ಅಂದೆ, ಒಳಗೆ ನಂಬಿರ್ಲಿಲ್ಲ. ಇವಳು ಏನೋ ಕೈಚಳಕ ಮಾಡಿದಾಳೆ ಅಂದ್ಕೊಂಡೆ. ಬೆಳಿಗ್ಗೆ ಎದ್ದು ಮಿಷನ್ನು ಇಳಿಸೇ ಬಿಡ್ತಿದ್ದೆನೋ ಏನೋ. ಈ ಹತ್ತು ನನ್ನ ಕೈಯಾರೆ ತಂದಿದ್ದು. ಇದನ್ನ ಇಲ್ಲ ಅನ್ನೋಕೆ ಆಗಲ್ಲ." ಚಾಲಕನ ಭುಜ ತಟ್ಟಿದರು. "ಮಳೆ ನಿಂತ ಮೇಲೆ ಹೊರಡಪ್ಪ. ಕಾಲುವೆ ತೋಡೋದಿಲ್ಲ. ಸಂಘದೋರಿಗೆ ನಾನು ಹೇಳ್ತೀನಿ."

ಹೊರಗೆ ಮಳೆಯಲ್ಲಿ ನಿಂತಿದ್ದ ಮಾಸ್ತಮ್ಮನಿಗೆ ಮಾತು ಕೇಳಿಸಲಿಲ್ಲ. ದಾಕ್ಷಾಯಣಿಯ ಮುಖ ನೋಡಿ ತಿಳಿದುಕೊಂಡಳು.

"ಉಳಿದ ಹತ್ತಕ್ಕೆ ಏನು ಮಾಡೋದು?" ಎಂದರು ಮುರುಗೇಶಪ್ಪ.

"ಅದು ಮೇಲಿಂದಾನೇ ಕಮ್ಮಿ ಆಗಬೇಕು. ಯೂರಿಯಾ ಹಾಕಿದ ಮೇಲೆ ನಾಲ್ಕು ದಿನ ಗದ್ದೆ ಮಡೆ ಮುಚ್ಚಿಡಿ. ನೀರು ಹೊರಗೆ ಬಿಡಬೇಡಿ. ಪೈರು ತಿಂದು ಮಿಕ್ಕಿದ್ದಷ್ಟೇ ಜೊಂಡಿಗೆ ಬರ್ಲಿ. ಹಾಕಿದ ಮಾರನೇ ದಿನ ಹೀಗೆ ಮಳೆ ಬಿದ್ರಂತೂ..."

ಮುರುಗೇಶಪ್ಪ ಅವಳ ಮಾತು ಮುಗಿಯಲು ಬಿಡಲಿಲ್ಲ. ಗಾಜಿನಾಚೆ ಸುರಿಯುವ ಮಳೆಯನ್ನು ನೋಡಿದರು.

"ಅಯ್ಯೋ, ನಿನ್ನೆ ಸಂಜೆ ಹಾಕ್ಸಿದೀನಿ ಮಾರಾಯ್ತಿ! ಮಡೆ ತೆಗೆದೇ ಇದೆ!"

ಬಾಗಿಲು ತಳ್ಳಿ ಜಿಗಿದರು. ಯಾರದೋ ಕೈಯಿಂದ ಗುದ್ದಲಿ ಕಸಿದುಕೊಂಡು, ಟವೆಲ್ಲು ಒಂದು ಕೈಯಲ್ಲಿ ಹಿಡಿದುಕೊಂಡು, ಅರವತ್ತು ದಾಟಿದ ಅಧ್ಯಕ್ಷರು ಮೇಲಿನ ಗದ್ದೆಗಳ ಕಡೆ ಓಡಿದರು. ಏರಿಯ ಮೇಲಿದ್ದ ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ವಾರ ನಾಲೆ ನೀರು ಬಂದಿತ್ತು, ಎಲ್ಲರೂ ಗೊಬ್ಬರ ಹಾಕಿದ್ದರು. ಒಬ್ಬ ತಲೆಗೆ ಗೋಣಿ ಹೊದ್ದು ಹೊರಟ. ಅವನ ಹಿಂದೆ ಇಬ್ಬರು ಹೊರಟರು. ಆಮೇಲೆ ಹತ್ತು ಮಂದಿ ಒಟ್ಟಿಗೆ ಓಡತೊಡಗಿದರು.

ದಾಕ್ಷಾಯಣಿ ಕೊಯ್ದ ಅಂಗೈಗೆ ಕರವಸ್ತ್ರ ಸುತ್ತಿಕೊಂಡು, ಮಾಸ್ತಮ್ಮನ ಪಕ್ಕ ನಿಂತು ನೋಡಿದಳು. ಮಳೆಯ ನಡುವೆ, ದೂರದ ಗದ್ದೆ ಬದುಗಳ ಮೇಲೆ, ಬಗ್ಗಿದ ಬೆನ್ನುಗಳು ಒಂದೊಂದಾಗಿ ಮಡೆ ಮುಚ್ಚುತ್ತಿದ್ದವು.