ಪಾರ್ಸರ್ ಕಲಿಸಿದ ಮೇಷ್ಟ್ರು

"ನಿಮಗೆ ನಿನ್ನೆನೇ ಗೊತ್ತಿತ್ತಾ?!"

ಅವಳ ದನಿ ಏರಿತು. ಮೀಟಿಂಗ್ ರೂಮಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು.

ಪರದೆಯ ಮೇಲೆ ಆಸ್ಪತ್ರೆಯೊಂದರ ಔಷಧಿಗಳ ಪಟ್ಟಿ. ಎಂಬತ್ತು ಸಾವಿರ ಹೆಸರು. ಅದನ್ನು ಓದುವ ಪ್ರೋಗ್ರಾಂ ಅವಳದೇ. ಆದರೆ ಅಲ್ಲಲ್ಲಿ ಹೆಸರಿನ ತಲೆಯೇ ಇಲ್ಲ, ಬರೀ ಬಾಲ! ಅದನ್ನು ಕಂಡೂ ಎದುರಿಗೆ ಕೂತಿದ್ದ ಸೀನಿಯರ್ ಮುಖದಲ್ಲಿ ಅಚ್ಚರಿಯೇ ಇರಲಿಲ್ಲ.

"ಹ್ಞೂಂ... ನಿನ್ನೆ ಮಧ್ಯಾಹ್ನ ನೋಡ್ದೆ," ಎಂದು ಅವನು ತಲೆ ತಗ್ಗಿಸಿದ.

ಮ್ಯಾನೇಜರ್ ಮೇಡಂ ಸಿಟ್ಟಾದರು. "ಔಷಧಿ ಹೆಸರು ಅರ್ಧ ಆದ್ರೆ ಯಾರ ಜೀವಕ್ಕೆ ಕುತ್ತು ಬರುತ್ತೆ ಗೊತ್ತೇನಮ್ಮಾ? ನಿನ್ನ ಖಾಯಂ ಮಾಡೋ ವಿಚಾರ ಆಮೇಲೆ ನೋಡೋಣ."

ಅವಳು ಎದ್ದು ಹೊರಗೆ ಬಂದುಬಿಟ್ಟಳು.

ಮೂರು ತಿಂಗಳಿಂದ ದಿನಾ ಪಕ್ಕದಲ್ಲಿ ಕೂತು ಕಲಿಸಿದವನು ಅವನೇ. "ನಮ್ಮ ಪ್ರೋಗ್ರಾಂಗೆ ಓದಿಕೊಡೋ ಈ ಪಾರ್ಸರ್ ಇಡೀ ಫೈಲನ್ನ ತಲೆಗೆ ತುಂಬಿಕೊಳ್ಳಲ್ಲ ಕಣ್ರೀ. ಓದ್ತಾ ಹೋಗುತ್ತೆ, ಮರೀತಾ ಹೋಗುತ್ತೆ. ಹೆಸರಿನ ಆಚೀಚೆ ಇರೋ ಗುರುತೇ ಟ್ಯಾಗ್. ಟ್ಯಾಗ್ ಶುರುವಾದಾಗ, ಅಕ್ಷರ ಸಿಕ್ಕಾಗ, ಟ್ಯಾಗ್ ಮುಗಿದಾಗ ನಮ್ಮನ್ನ ಕೂಗುತ್ತೆ. ಬೇಕಾದ್ದನ್ನ ನಾವು ಆಗಲೇ ಹಿಡಿದಿಟ್ಕೋಬೇಕು."

"ಸರಿ ಮೇಷ್ಟ್ರೇ!" ಎಂದು ರೇಗಿಸುತ್ತಿದ್ದಳು. ರೇಗಿಸುತ್ತಾ ರೇಗಿಸುತ್ತಾ ಮನಸ್ಸನ್ನೂ ಕೊಟ್ಟು ಕೂತಿದ್ದಳು, ಪಾಪದ ಹುಡುಗಿ!

ಮೆಟ್ಟಿಲ ಮೇಲೆ ಕೂತಾಗ ಅಕ್ಕನ ಫೋನು ಬಂತು. "ಖಾಯಂ ಆಯ್ತೇನೇ?"

"ಇನ್ನೂ ಇಲ್ಲ ಅಕ್ಕಾ..." ಎಂದು ಫೋನಿಟ್ಟಳು. ಅಂಗಡಿಯ ಕೆಲಸ ಬಿಟ್ಟು ಇದನ್ನು ಕಲಿಯಲು ಬಂದಾಗ ಮನೆಯಲ್ಲಿ ಬೆನ್ನಿಗೆ ನಿಂತವಳು ಅಕ್ಕ ಒಬ್ಬಳೇ.

ಹೆಜ್ಜೆ ಸಪ್ಪಳ. ಅವನೇ ಬಂದಿದ್ದ.

"ತಪ್ಪು ನಿಮ್ಮದಲ್ಲ. ಹೆಸರಿನ ಅಕ್ಷರಗಳೆಲ್ಲ ಒಂದೇ ಸಲಕ್ಕೆ ಬರುತ್ತೆ ಅಂತ ಕಲಿಸಿದ್ದು ನಾನು. ಸಣ್ಣ ಫೈಲಲ್ಲಿ ಹಾಗೇ ಬರ್ತಿತ್ತು. ದೊಡ್ಡದರಲ್ಲಿ ಕೆಲವು ಹೆಸರು ಎರಡು ತುಂಡಾಗಿ ಬರುತ್ತೆ. ಎರಡನೇದು ಬಂದ ತಕ್ಷಣ ಮೊದಲನೇದು ಅಳಿಸಿಹೋಗ್ತಿದೆ."

"ಹೇಳೋಕೇನಾಗಿತ್ತು? ನಾಲಿಗೆ ಬಿದ್ದುಹೋಗಿತ್ತಾ?"

"ನಾಚಿಕೆ... ಮೇಷ್ಟ್ರೇ ಅಂತ ಕರೀತೀರಿ. ಮೇಷ್ಟ್ರಿಗೇ ಗೊತ್ತಿರಲಿಲ್ಲ ಅಂತ ಹೇಗೆ ಹೇಳ್ಲಿ? ಸದ್ದಿಲ್ಲದೆ ಸರಿಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ಮೀಟಿಂಗ್ ಕರೆದ್ರು."

"ಅಂದ್ರೆ ನಿಮ್ಮ ಮರ್ಯಾದೆ ಉಳೀಬೇಕು, ನನ್ನದು ಹರಾಜಾದ್ರೂ ಪರವಾಗಿಲ್ಲ!"

"ಹೌದು. ಹೇಡಿ ಥರ ನಡ್ಕೊಂಡೆ."

ಅವಳು ಸಬೂಬು ನಿರೀಕ್ಷಿಸಿದ್ದಳು. ಅವನು ಒಪ್ಪಿಕೊಂಡದ್ದು ಇನ್ನಷ್ಟು ನೋಯಿಸಿತು. 'ನಂಬಿದ್ದೆನಲ್ಲೋ ನಿನ್ನನ್ನ...'

"ಒಳಗೆ ಬನ್ನಿ," ಎಂದ ಅವನು. "ಎಲ್ಲರ ಮುಂದೆನೇ ಹೇಳ್ತೀನಿ."

ಹೇಳಿದ ಕೂಡ. ನಿಂತುಕೊಂಡು, ಒಂದೂ ಬಿಡದೆ! ಮೇಡಂ ಅವನನ್ನು ದುರುಗುಟ್ಟಿ ನೋಡಿ, ಅವಳ ಕಡೆ ತಿರುಗಿದರು. "ಸಂಜೆಯೊಳಗೆ ಸರಿಮಾಡ್ತೀಯಾಮ್ಮ?"

"ಮಾಡ್ತೀನಿ ಮೇಡಂ. ನಾನೊಬ್ಬಳೇ."

ಟ್ಯಾಗ್ ಶುರುವಾದಾಗ ಖಾಲಿ ಜಾಗ ಮಾಡಿಕೊಂಡಳು. ಬಂದ ತುಂಡನ್ನೆಲ್ಲ ಅದಕ್ಕೆ ಸೇರಿಸುತ್ತಾ ಹೋದಳು. ಟ್ಯಾಗ್ ಮುಗಿದ ಮೇಲಷ್ಟೇ ಹೆಸರು ಬರೆದುಕೊಂಡಳು. ಐದೂವರೆಗೆ ಎಂಬತ್ತು ಸಾವಿರವೂ ಪೂರ್ತಿ! ಮೇಡಂ ಎರಡೆರಡು ಸಲ ನೋಡಿದರು. "ನಾಳೆ ಬಂದು ಖಾಯಂ ಪತ್ರ ತಗೋ."

ಅಕ್ಕನಿಗೆ ಹೇಳಿ ಫೋನಿಟ್ಟರೆ, ಬಾಗಿಲ ಹತ್ತಿರ ಅವನು ನಿಂತಿದ್ದ.

"ಕ್ಷಮಿಸಿದ್ರಾ?"

"ಇಲ್ಲ."

"ಸರಿ... ಇನ್ನೊಂದು ವಿಷಯಾನೂ ಮುಚ್ಚಿಟ್ಟಿದ್ದೆ. ನೀವಂದ್ರೆ ನಂಗೆ ತುಂಬಾ ಇಷ್ಟ ಕಣ್ರೀ."

ಅವಳ ಕಣ್ಣು ತುಂಬಿ ಬಂತು.

"ಬೇರೆ ಯಾರಾದ್ರೂ ಹೀಗೆ ಮಾಡಿದ್ರೆ ಬೈದು ಮರೆತುಬಿಡ್ತಿದ್ದೆ. ನೀವು ಮಾಡಿದ್ರಲ್ಲಾ... ಅದಕ್ಕೇ ಇಷ್ಟು ಸಂಕಟ. ಅಷ್ಟೂ ತಿಳಿಯಲ್ವಾ ನಿಮಗೆ?"

"ಅಂದ್ರೆ...?"

"ಅಂದ್ರೆ ಏನೂ ಇಲ್ಲ! ಬಸ್ ಸ್ಟಾಪ್‌ವರೆಗೂ ಬನ್ನಿ. ಇನ್ನೂ ಬೈಯೋದು ಬಾಕಿ ಇದೆ."

"ಬಸ್ ಸ್ಟಾಪ್ ಇಲ್ಲೇ ಪಕ್ಕದಲ್ಲಿದೆಯಲ್ರೀ..."

"ಸಾಲ್ದೇ ಇದ್ರೆ ನಾಳೆನೂ ಬನ್ನಿ," ಎಂದು ಅವಳು ಕಣ್ಣೊರೆಸಿಕೊಂಡಳು.