ಅತ್ತೆಯ ಪುಟ್ಟ ಗಾಡಿ

ಅರವತ್ತೈದರ ಶರಣಮ್ಮ ಮತ್ತೆ ಮದುವೆಯಾಗುತ್ತೇನೆ ಎಂದಾಗ ಶ್ಯಾಮನಿಗೆ ಬಾಯಲ್ಲಿದ್ದ ರೊಟ್ಟಿ ಉಗುಳುವಷ್ಟು ಹೇಸಿಗೆಯಾಯಿತು. ಅವಳು ಅವನ ಸೋದರತ್ತೆ, ವಿಧವೆ, ಧಾರವಾಡದಿಂದ ಪುಣೆಗೆ ಬಂದು ಮೇಷ್ಟ್ರಗಿರಿ ಮಾಡಿ ಧನಕವಡಿಯಲ್ಲಿ ಮನೆ ಮಾಡಿಕೊಂಡವಳು. ಆ ಮನೆಯಲ್ಲಿ ಪುಕ್ಕಟೆ ಉಂಡುಟ್ಟು ಹಾಯಾಗಿದ್ದವನು ಶ್ಯಾಮ. ಇನ್ನು ಊರಿನ ಆಚೆ ತುದಿಯ ಯೆರವಡಾದ ಮಂದಾರ ಎಂಬ ಮುದುಕ ಗಂಡನಾಗಿ ಅಲ್ಲಿಗೇ ಬರುತ್ತಾನಂತೆ. ಶ್ಯಾಮ ಬೇರೆ ಮನೆ ನೋಡಿಕೊಳ್ಳಬೇಕಂತೆ.

ಇದಕ್ಕೆಲ್ಲ ಕಾರಣ ಆ ದರಿದ್ರ ಎಲೆಕ್ಟ್ರಿಕ್ ಕಾರು. ಎರಡೇ ಬಾಗಿಲು, ಗೇರಿಲ್ಲ, ಸದ್ದಿಲ್ಲ, ಸೋಪಿನ ಡಬ್ಬಿಗೆ ಚಕ್ರ ಹಚ್ಚಿದಂತೆ. ಕಂಡವರೆಲ್ಲ ಮರಾಠಿಯಲ್ಲಿ ‘ಕಿತೀ ಗೋಡ!’, ಎಷ್ಟು ಮುದ್ದಾಗಿದೆ, ಎಂದು ಮುದ್ದುಗರೆದು ಅದರ ಬೆನ್ನು ಸವರುವಾಗ ಶ್ಯಾಮನ ಮೈ ಉರಿಯುತ್ತಿತ್ತು. ಮಂಡಿನೋವಿನಿಂದ ಬಸ್ಸು ಹತ್ತಲಾಗದ ಅತ್ತೆ ಈ ಡಬ್ಬಿ ಬಂದ ಮೇಲೆ ದಿನವೂ ಯೆರವಡಾಕ್ಕೆ ಓಡುತ್ತಿದ್ದಳು. ಡಬ್ಬಿ ಹೋದರೆ ಓಡಾಟ ನಿಲ್ಲುತ್ತದೆ. ಓಡಾಟ ನಿಂತರೆ ಈ ಮುದಿ ಪ್ರೇಮವೂ ಒಣಗುತ್ತದೆ. ಹಾಗಾಗಿ ಡಬ್ಬಿಯನ್ನು ಕದಿಯಬೇಕು.

ಪುಣೆಯಲ್ಲಿ ಮಧ್ಯಾಹ್ನದ ನಿದ್ದೆ ಎಂದರೆ ಪೂಜೆಯಷ್ಟೇ ಪವಿತ್ರ. ಅತ್ತೆ ಗೊರಕೆ ಹೊಡೆಯುತ್ತಾಳೆ, ವಾಚ್‌ಮನ್ ಕುಶಲ ಕುರ್ಚಿಯಲ್ಲೇ ತೂಕಡಿಸುತ್ತಾನೆ. ಗಾಡಿ ಎಲ್ಲಿದೆಯೆಂದು ಕಂಪನಿಗೆ ತಿಳಿಸುವ ಪೆಟ್ಟಿಗೆಯ ವೈರನ್ನು ಶ್ಯಾಮ ಆಗಲೇ ಕಿತ್ತಿದ್ದ. ಯೆರವಡಾ ದಾಟಿ ಬಹುದೂರದಲ್ಲಿ ಒಂದು ಪಾಳು ಕಲ್ಲುಗಣಿ. ಅದರೊಳಕ್ಕೆ ತಳ್ಳಿ ಬಸ್ಸು ಹತ್ತಿದರೆ ಮುಗಿಯಿತು. ಚಾರ್ಜ್ ಅಷ್ಟು ದೂರಕ್ಕೆ ಸಾಲದು, ದಾರಿಯಲ್ಲಿ ಹಾಕಬೇಕು. ಮೊದಲಾದರೆ ಒಂದೊಂದು ಕಾರಿಗೆ ಒಂದೊಂದು ಬಗೆಯ ಪ್ಲಗ್ಗು. ಈಗ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ, ಯಾವ ಸ್ಟೇಷನ್ನಾದರೂ ನಡೆಯುತ್ತದೆ. ದೇವದಾಸ್ ಎಂಬ ಸುಳ್ಳು ಹೆಸರಿನಲ್ಲಿ ಚಾರ್ಜಿಂಗ್ ಆ್ಯಪನ್ನೂ ಹಾಕಿಕೊಂಡಿದ್ದ.

ಗಾಡಿ ಸದ್ದಿಲ್ಲದೆ ಕುಶಲನನ್ನು ದಾಟಿ ಹೊರಬಿತ್ತು. ಒಳಗೆಲ್ಲ ಮಂದಾರ ಮೂಗಿಗೇರಿಸುವ ತಪಕೀರಿನ ವಾಸನೆ. ಶ್ಯಾಮ ಕಿಟಕಿ ಇಳಿಸಿ ಹೊರಗೆ ಉಗುಳಿದ. ರಿಕ್ಷಾಗಳು ಸಿಕ್ಕಿಬಿದ್ದ ಸಂದಿಯಲ್ಲೂ ಡಬ್ಬಿ ಸಲೀಸಾಗಿ ನುಸುಳಿತು. ಥೂ, ಓಡಿಸಲು ಹಿತವಾಗಿತ್ತು. ಹಾಗನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಯೆರವಡಾ ಬಂದಾಗ ಗಾಡಿಯ ಪರದೆ, ಹಿಂದೆ ಹೋಗಿದ್ದ ಚಾರ್ಜಿಂಗ್ ಸ್ಟೇಷನ್ನಿನ ದಾರಿಯನ್ನು ತಾನಾಗಿ ತೋರಿಸಿತು. ಒಳ್ಳೆಯದೇ ಆಯಿತೆಂದು ಅಲ್ಲಿಗೇ ಹೋಗಿ ಪ್ಲಗ್ಗು ಚುಚ್ಚಿದ. ಆ್ಯಪ್ ತೆರೆಯುವ ಮೊದಲೇ ಚಾರ್ಜ್ ಶುರುವಾಯಿತು. ಯಂತ್ರ ಕೆಟ್ಟಿರಬೇಕು, ಪುಕ್ಕಟೆ ಸಿಕ್ಕಿತು ಎಂದು ನಗುತ್ತಿರುವಾಗಲೇ ಫೋನು ಬಡಿದುಕೊಂಡಿತು. ಅತ್ತೆ.

“ಎಲ್ಲಿದ್ದೀಯೋ ಶ್ಯಾಮಾ?”

“ಮಾರ್ಕೆಟ್‌ದಾಗ, ಕಾಯಿಪಲ್ಯ ತಗೊಳ್ಳಾಕತ್ತೀನಿ ಅತ್ತಿ. ಯಾಕ?”

“ಯಾರೋ ನನ್ನ ಗಾಡಿ ಕದ್ದು ಯೆರವಡಾದಾಗ ಚಾರ್ಜಿಗೆ ಹಚ್ಚ್ಯಾರ. ಅಲ್ಲೇ ದಿನಾ ಹಚ್ಚತೀನಲ್ಲ, ಪ್ಲಗ್ ಚುಚ್ಚಿದ ಕೂಡ್ಲೆ ಗಾಡಿ ಯಾರದಂತ ಆ ಮಷೀನ್ ತಾನ ಗುರುತು ಹಿಡಿತದ, ರೊಕ್ಕ ಕೊಡೋ ಮಂದಾರ ಅವರ ಫೋನಿಗೆ ಮೆಸೇಜ್ ಬರ್ತದ. ಅವರ ಮನಿ ಎದುರಿಗೇ ಅದ. ಮ್ಯಾಲಿನ ಗ್ಯಾಲರಿಯಿಂದ ನೋಡಿ, ಭಾಳ ನಿನ್ನ ಹಂಗ ಕಾಣ್ತಾನ ಅನ್ನಾಕತ್ತಾರ. ಒಂದೀಟು ಮ್ಯಾಲ ನೋಡಿ ಕೈ ಮಾಡು, ಖಾತ್ರಿ ಆಗಲಿ.”