ಪಟ್ಟಿಯ ಮೊದಲ ವಾಕ್ಯ

ಗಂಗಾಂಬಿಕಾಳ ಹೆಸರಿನಲ್ಲಿ ಪ್ರಕಟವಾದ ಸಂಶೋಧನಾ ಪ್ರಬಂಧ ಒಂದೂ ಇರಲಿಲ್ಲ.

ಪಾಠ ಮಾಡುವುದು ಬರುತ್ತಿತ್ತು. ಪ್ರೋಗ್ರಾಂ ಬರೆಯುವುದು ಬರುತ್ತಿತ್ತು. ಹರಪನಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಷಯದ ಅತಿಥಿ ಉಪನ್ಯಾಸಕಿ. ಆದರೆ ಒಳ್ಳೆಯ ಜರ್ನಲ್‌ನಲ್ಲಿ ಒಂದು ಪ್ರಬಂಧ ಅಚ್ಚಾಗದೆ ಪಿಎಚ್.ಡಿ. ಮುಗಿಸುವಂತಿರಲಿಲ್ಲ. ಜೂನ್ ಒಳಗೆ ಮುಗಿಸದಿದ್ದರೆ ಒಂದು ವರ್ಷ ಹೋಗುತ್ತಿತ್ತು. ಕಾಯಂ ಹುದ್ದೆಗೆ ಅರ್ಜಿ ಹಾಕುವ ಅವಕಾಶವೂ ಹೋಗುತ್ತಿತ್ತು.

ಕಂಪ್ಯೂಟರಿಗೆ ಪುಸ್ತಕದ ಕನ್ನಡ ಅರ್ಥವಾಗುತ್ತದೆ, ಈ ಕಡೆಯ ಆಡುಮಾತು ಅರ್ಥವಾಗುವುದಿಲ್ಲ. ಅದನ್ನು ಅರ್ಥ ಮಾಡಿಸುವುದೇ ಅವಳ ಸಂಶೋಧನೆ. ಅದಕ್ಕಾಗಿ ಅವಳು ಫೋನ್ ಹಿಡಿದು ಸಂತೆ, ಮೆಕ್ಕೆಜೋಳದ ಮಂಡಿ, ಬಸ್ ನಿಲ್ದಾಣ ಸುತ್ತುತ್ತಿದ್ದಳು.

"ಮೇಡಂ, ನನ್ನ ಮಾತು ರೆಕಾರ್ಡ್ ಮಾಡಿಕೊಂಡ್ರೇನ್ರಿ?"

ಹರಪನಹಳ್ಳಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದವನು ಅವಳ ಫೋನನ್ನೇ ನೋಡುತ್ತಿದ್ದ. ಈಗಷ್ಟೇ ಅವನು ಕಂಡಕ್ಟರನ್ನು ಏನೋ ಕೇಳಿದ್ದ. ಅದು ಅವಳ ಫೋನಿಗೆ ಸೇರಿತ್ತು.

"ಹೌದ್ರಿ. ಸಂಶೋಧನೆಗೆ."

"ಕೇಳದಲೇ?"

"ಕೇಳಿದ್ರ ಜನ ಪುಸ್ತಕದಂಗ ಮಾತಾಡ್ತಾರ್ರಿ."

"ಒಪ್ಪಿಗಿ ಇಲ್ಲದ ದನಿ ಯಾವ ಜರ್ನಲ್‌ನೋರೂ ತಗಳಲ್ಲ. ಅವರ ಮೊದಲನೇ ಪ್ರಶ್ನೆನ ಅದು."

ಅವಳಿಗೆ ಮೈ ಉರಿಯಿತು. "ಯಾಕ್ರಿ, ಜರ್ನಲ್ ಏನು ನಿಮ್ಮ ಮಾವನ ಮನೀದಾ?"

"ಮಾವ ಇನ್ನೂ ಸಿಕ್ಕಿಲ್ರಿ" ಅಂದ ಅವನು, ನಗದೆ.

ಹೆಸರು ಗುರುಬಸವರಾಜ. ಊರು ಕೋಗಳಿ. ಹೊಸಪೇಟೆಯ ಒಂದು ಕಾಲೇಜಿನಲ್ಲಿ ಅವನೂ ಕಂಪ್ಯೂಟರ್ ಪಾಠವನ್ನೇ ಮಾಡುತ್ತಿದ್ದ.

ಅವಳು ರೆಕಾರ್ಡಿಂಗ್ ಅಳಿಸಿದಳು. ಒಪ್ಪಿಗೆ ಕೇಳಿದಳು. ಅವನು ಒಪ್ಪಿ, ಬಸ್ಸೊಂದರ ಹಾರ್ನ್ ನಡುವೆಯೇ ಅದೇ ಮಾತನ್ನು ಮತ್ತೊಮ್ಮೆ ಹೇಳಿದ.

"ಕೊಟ್ಟೂರು ಗಾಡಿ ಹೋತೇನ್ರಿ, ಇಲ್ಲಾ ಅದೂ ನನ್ನಂಗ ಕುಂತೈತೇನ್ರಿ?"

ಈ ಸಲ ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಭಾನುವಾರಗಳು ಬೇರೆಯಾದವು. ಒಪ್ಪಿಗೆ ಇಲ್ಲದ ದನಿಗಳನ್ನೆಲ್ಲ ತೆಗೆದು ಅವಳು ಹೊಸದಾಗಿ ಶುರುಮಾಡಿದಳು. ಉಜ್ಜಿನಿ, ಕೋಗಳಿಗೆ ಅವನೂ ಬಂದ. ಕೋಗಳಿಯ ಎರ್ರಮ್ಮಜ್ಜಿ ಫೋನನ್ನು ತಿರುಗಿಸಿ ನೋಡಿ ಕೇಳಿದಳು, "ನನ್ನ ಮಾತು ನನ್ನ ಸೊಸಿನೇ ಕೇಳಲ್ಲ. ಇದು ಕೇಳ್ತೈತೇನವ್ವಾ?"

ದಾರಿಯಲ್ಲಿ ಗಂಗಾಂಬಿಕಾ ಅಂದಳು, "ನಿಮ್ಮ ಹೆಸರೂ ಹಾಕ್ಲೇನ್ರಿ ಪೇಪರ್‌ನಾಗ?"

"ಜತಿಗೆ ತಿರುಗಿದ್ರ ಲೇಖಕ ಆಗಲ್ರಿ. ಬರದೋರ ಹೆಸರು ಹಾಕ್ರಿ."

ಯಾವ ಜರ್ನಲ್‌ಗೆ ಕಳಿಸುತ್ತೇನೆಂದು ಅವಳು ಅವನಿಗೆ ಹೇಳಲಿಲ್ಲ. ಅಚ್ಚಾದ ಮೇಲೆ ಎದುರಿಗೆ ಹಿಡಿಯಬೇಕೆಂದಿತ್ತು.

ಆ ಜರ್ನಲ್‌ನ ನಿಯಮ ಕಟ್ಟುನಿಟ್ಟು. ಓದಿ ತೂಗುವ ಇಬ್ಬರು ಪರಿಶೀಲಕರಿಗೆ ಲೇಖಕರು ಯಾರೆಂದು ತಿಳಿಯಬಾರದು. ಲೇಖಕರಿಗೂ ಅವರು ಯಾರೆಂದು ತಿಳಿಯಬಾರದು. ಗಂಗಾಂಬಿಕಾ ತನ್ನ ಹೆಸರು, ಕಾಲೇಜು, ಜಿಲ್ಲೆ ಎಲ್ಲ ತೆಗೆದಳು. ಶೀರ್ಷಿಕೆಯಲ್ಲಿ 'ಕನ್ನಡದ ಒಂದು ಆಡುಮಾತು' ಎಂದಷ್ಟೇ ಉಳಿಯಿತು.

ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿ, ಗೆಳತಿ ಗುಲಫಶಾ ಇಣುಕಿದಳು. "ಲೇ ಗಂಗಾ, ಹೆಣ್ಣು ನೋಡಕ್ಕ ಬಂದೋರಾದ್ರೂ ಮುಖ ನೋಡ್ತಾರ. ಇವರು ಅದನ್ನೂ ನೋಡಲ್ಲೇನು?"

"ಅದಕ್ಕ ಇವರು ವಾಸಿ."

"ಮಾದರಿ ವಾಕ್ಯದ ಪಟ್ಟಿಯಾಗ ಮೊದಲನೇದು ನೋಡು. ಕೊಟ್ಟೂರು ಅಂತ ಐತಿ. ತಗಿ."

ಗಂಗಾಂಬಿಕಾ ಅಳಿಸಲು ಹೋದಳು. ಬೆರಳು ಅಲ್ಲೇ ನಿಂತಿತು.

"ಕೊಟ್ಟೂರು ಗಾಡಿಗೆ ದಿನಾ ಎಷ್ಟು ಮಂದಿ ಕಾಯ್ತಾರ... ಇರಲಿ ಬಿಡು."

ಗುಲಫಶಾ ಅವಳ ಮುಖ ನೋಡಿದಳು.

ಪ್ರಬಂಧ ಹೋಯಿತು. ತಿಂಗಳು ಕಳೆಯಿತು. ಆ ಇಬ್ಬರು ಯಾರಿರಬಹುದು? ಹೆಂಗಸೋ ಗಂಡಸೋ? ತನ್ನ ಕಡೆಯ ಮಾತು ಓದಿ ನಗುತ್ತಾರೋ ಏನೋ... ಅವಳು ದಿನವೂ ಇದನ್ನೇ ಗುರುಬಸವರಾಜನಿಗೆ ಫೋನಿನಲ್ಲಿ ಬರೆದು ಕಳಿಸುತ್ತಿದ್ದಳು. ಮೊದಲು ಅವನೂ ಊಹಿಸುತ್ತಿದ್ದ, ಚೇಷ್ಟೆ ಮಾಡುತ್ತಿದ್ದ.

ಮಾರ್ಚ್‌ನ ಒಂದು ದಿನ ಉತ್ತರ ಬೇರೆ ಬಂತು. "ಪೇಪರ್ ಮಾತು ನನ್ನ ಹತ್ರ ಬ್ಯಾಡ್ರಿ."

ಮರುದಿನ ಇನ್ನೊಂದು. "ಸ್ವಲ್ಪ ದಿನ ಸಿಗೋದೂ ಬ್ಯಾಡ. ಯಾಕ ಅಂತ ಈಗ ಹೇಳಕ್ಕಾಗಲ್ಲ."

ಅವಳು ಯಾಕೆಂದು ಕೇಳಲಿಲ್ಲ. ಬೇಡವೆಂದವರನ್ನು ಕೇಳುವುದು ಅವಳಿಗೆ ಗೊತ್ತಿರಲಿಲ್ಲ. ಆದರೆ ಬಸ್ ನಿಲ್ದಾಣದ ಅವನ ಆ ರೆಕಾರ್ಡಿಂಗ್ ದಿನವೂ ಕೇಳುವುದನ್ನು ಬಿಡಲಿಲ್ಲ.

ಜೂನ್ ಬಂತು. ಹೋಯಿತು. ಅವಳ ಪ್ರಬಂಧ ಇನ್ನೂ ಪರಿಶೀಲನೆಯಲ್ಲೇ ಇತ್ತು.

ತೀರ್ಮಾನ ಬಂದದ್ದು ಆಗಸ್ಟ್‌ನಲ್ಲಿ. ಪ್ರಬಂಧ ಒಪ್ಪಿಗೆಯಾಗಿತ್ತು. ಸಂಪಾದಕರು ಎರಡು ಮಾತು ಸೇರಿಸಿದ್ದರು. ಪರಿಶೀಲಕರೊಬ್ಬರು ಲೇಖಕರ ಗುರುತು ಸಿಕ್ಕಿತೆಂದು ತಾವಾಗಿ ಹಿಂದೆ ಸರಿದರು, ಕನ್ನಡ ಬಲ್ಲ ಇನ್ನೊಬ್ಬರನ್ನು ಹುಡುಕಲು ತಡವಾಯಿತು, ಕ್ಷಮಿಸಿ. ಗುರುತು ಸಿಕ್ಕಿದ್ದು ಮೊದಲ ಮಾದರಿ ವಾಕ್ಯದಿಂದ, ನಮ್ಮ ನಿಯಮದಂತೆ ದಯವಿಟ್ಟು ಅದನ್ನು ತೆಗೆಯಿರಿ.

ಗಂಗಾಂಬಿಕಾ ಅದನ್ನು ಮತ್ತೆ ಓದಿದಳು. ಆ ವಾಕ್ಯದಿಂದ ಅವಳನ್ನು ಗುರುತಿಸಬಲ್ಲವನು ಈ ಜಗತ್ತಿನಲ್ಲಿ ಒಬ್ಬನೇ.

ಭಾನುವಾರ ಅದೇ ಬಸ್ ನಿಲ್ದಾಣಕ್ಕೆ ಕರೆದಳು. ಅವನು ಬಂದ. ಸೊರಗಿದ್ದ.

"ಅದು ನೀವಾ?"

"ಈಗೂ ಹೇಳಬಾರದ್ರಿ. ಆದ್ರ ನೀವಾಗೇ ಕಂಡುಹಿಡದೀರಿ."

"ಓದಿ ಬರದು ಕಳಿಸಿದ್ರ ಜೂನ್‌ನಾಗ ಮುಗೀತಿತ್ತು. ಒಂದು ವರ್ಷ ಹೋತು ನಂದು."

"ಹೋತು."

"ಅಷ್ಟೇನಾ?"

"ನಾನು ಒಪ್ಪಿದ್ರ ನಾಳೆ ಜನ ಏನಂತಿದ್ರು? ಹೆಂಡ್ತಿ ಪೇಪರ್ರು, ಗಂಡನೇ ಪಾಸ್ ಮಾಡ್ಯಾನ ಅಂತಿದ್ರು. ನಿಮ್ಮ ಕೆಲಸಕ್ಕ ಮರ್ಯಾದಿನ ಇರ್ತಿರಲಿಲ್ಲ."

ಬಸ್ಸೊಂದು ಹಿಂದಕ್ಕೆ ಬಂದು ನಿಂತಿತು. ಗಂಗಾಂಬಿಕಾ ಅದರ ಸದ್ದು ಅಡಗುವ ತನಕ ಕಾದಳು.

"ಯಾರ ಹೆಂಡ್ತಿ?"

ಅವನ ಕಿವಿ ಕೆಂಪಾಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸಂಪಾದಕರು ಫೋನ್ ಮಾಡಿ ಕೇಳಿದ್ರು, ಲೇಖಕರಿಗೂ ನಿಮಗೂ ಏನು ಸಂಬಂಧ ಅಂತ. ಬಂಧುನಾ, ಶಿಷ್ಯರಾ, ಜತಿಗೆ ಪೇಪರ್ ಬರದೋರಾ... ಅದೆಲ್ಲ ಅಲ್ರಿ, ನನ್ನ ಕಡಿಂದ ಐತಿ, ಆಕಿ ಕಡಿಂದ ಗೊತ್ತಿಲ್ಲ ಅಂದೆ."

"ಅವರೇನಂದ್ರು?"

"ಹಂಗಾದ್ರ ತೀರ್ಮಾನ ಆಗೋತನಕ ದೂರ ಇರ್ರಿ ಅಂದ್ರು. ಇದ್ದೆ. ದಿನಾ ಮಾತಾಡಿದ್ರ ನಿಮಗ ಸುಳ್ಳು ಹೇಳಬೇಕಾಗ್ತಿತ್ತು."

ಅವಳ ಐದು ತಿಂಗಳ ಸಿಟ್ಟು ಎಲ್ಲೋ ಇತ್ತು. ಹುಡುಕಿದರೆ ಕೈಗೆ ಸಿಗಲಿಲ್ಲ.

"ನಾನೊಂದು ಕೇಳ್ಲೇನ್ರಿ?" ಅಂದ ಅವನು. "ಎಲ್ಲಾ ಗುರುತು ಅಳಿಸೀರಿ. ಅಷ್ಟು ಸಾವಿರ ವಾಕ್ಯದಾಗ ನಂದನ್ನ ಯಾಕ ಮೊದಲಿಗೆ ಇಟ್ರಿ?"

"ದನಿ ಸ್ಪಷ್ಟ ಇತ್ರಿ."

"ಅದರಾಗ ಬಸ್ಸಿನ ಹಾರ್ನ್ ಐತಲ್ರಿ."

ಗಂಗಾಂಬಿಕಾ ಸೆರಗಿನ ಅಂಚನ್ನು ನೋಡಿದಳು. ಇನ್ನು ಮುಚ್ಚಿಡುವುದಕ್ಕೆ ಯಾವ ನಿಯಮವೂ ಇರಲಿಲ್ಲ.

"ದಿನಾ ಕೇಳ್ತಿದ್ದೆ. ಅಳಿಸಕ್ಕ ಆಗ್ಲಿಲ್ಲ... ನನ್ನ ಕಡಿಂದನೂ ಐತ್ರಿ. ನಿಮ್ಮ ಸಂಪಾದಕರಿಗೆ ಹೇಳ್ರಿ ಬೇಕಾದ್ರ."

ಅವನು ಬೆಂಚಿನ ತುದಿಗೆ ಸರಿದ. ಅವಳು ಕುಳಿತಳು. ಎದುರಿನ ಬಸ್ಸು ಹೊರಟಿತು.

"ಕೊಟ್ಟೂರು ಗಾಡಿ ಹೋತೇನ್ರಿ?" ಅವಳೇ ಕೇಳಿದಳು.

"ಹೋಗಲಿ ಬಿಡು. ನಾವು ಕುಂತೀವಿ."

ಮೊದಲ ಸಲ ಅವನು ಅವಳಿಗೆ 'ಬಿಡ್ರಿ' ಅನ್ನದೆ 'ಬಿಡು' ಅಂದಿದ್ದ. ಅವಳು ತಿದ್ದಲಿಲ್ಲ.

ಪ್ರಬಂಧ ದೀಪಾವಳಿ ಹೊತ್ತಿಗೆ ಪ್ರಕಟವಾಯಿತು. ಕಳೆದದ್ದು ಇಷ್ಟು: ಒಂದು ವರ್ಷ, ಒಂದು ಅರ್ಜಿ, ಪಟ್ಟಿಯಿಂದ ಒಂದು ವಾಕ್ಯ.